ದಕ್ಷಿಣ ಕೊರಿಯಾದ ಹಡಗು ನಿರ್ಮಾಣ ಮತ್ತು ಕಡಲ ಎಂಜಿನಿಯರಿಂಗ್

ಆಗ್ನೇಯ ಕರಾವಳಿಯ ಉಲ್ಸಾನ್ ನಗರ ಮತ್ತು ಗೊಜೆ ದ್ವೀಪಗಳಲ್ಲಿ ನೆಲೆಯೂರಿರುವ ರಫ್ತು ಉದ್ಯಮ. ಉಲ್ಸಾನಿನಲ್ಲಿ ಹ್ಯುಂಡೈ, ಗೊಜೆಯಲ್ಲಿ ಸ್ಯಾಮ್‌ಸಂಗ್ ಮತ್ತು ಹನ್ವಾ (ಹಿಂದಿನ ಡೇವೂ) ಮುಖ್ಯ ಸಂಸ್ಥೆಗಳು. ತೈಲವಾಹಕ, ಕಂಟೇನರ್ ಹಡಗು, ದ್ರವೀಕೃತ ನೈಸರ್ಗಿಕ ಅನಿಲದ ಅಂದರೆ ಎಲ್‌ಎನ್‌ಜಿಯ ವಾಹಕ, ಸಮುದ್ರದಲ್ಲಿ ತೈಲ ಮತ್ತು ಅನಿಲ ತೆಗೆಯುವ ಸ್ಥಾವರಗಳು ಇಲ್ಲಿ ತಯಾರಾಗುತ್ತವೆ. ಈ ಉದ್ಯಮ ದೇಶದ ಅರ್ಥವ್ಯವಸ್ಥೆಗೆ ಎಷ್ಟು ಆಧಾರವಾಗಿದೆ ಎಂಬುದು ಹಡಗುಗಳ ಎಣಿಕೆಯಿಂದ ತಿಳಿಯುವುದಿಲ್ಲ. ಉಕ್ಕು ಮತ್ತು ಎಂಜಿನ್‌ನಿಂದ ಹಿಡಿದು ವಿನ್ಯಾಸದ ಹಕ್ಕಿನವರೆಗೆ ಯಾವುದು ದೇಶದೊಳಗೆ ಉಳಿಯುತ್ತದೆ, ಯಾವುದಕ್ಕೆ ಹೊರಗೆ ಹಣ ತೆರಬೇಕಾಗುತ್ತದೆ ಎಂಬುದನ್ನು ನೋಡಬೇಕಾಗುತ್ತದೆ.

ಆರಂಭ

ಹ್ಯುಂಡೈ ಸಂಸ್ಥಾಪಕ ಚುಂಗ್ ಜು-ಯುಂಗ್ ಉಲ್ಸಾನಿನ ಮಿಪೊ ಕೊಲ್ಲಿಯನ್ನು ಆರಿಸಿಕೊಂಡಾಗ ಅಲ್ಲಿ ಹಡಗುಕಟ್ಟೆಯೇ ಇರಲಿಲ್ಲ. ಬ್ರಿಟನ್ನಿನಲ್ಲಿ ಸಾಲದ ಮಾತುಕತೆ ನಡೆದಾಗ ಅವರು 500 ವೊನ್ ನೋಟಿನ ಮೇಲಿದ್ದ ಹದಿನಾರನೆಯ ಶತಮಾನದ ಆಮೆ ಹಡಗಿನ ಚಿತ್ರ ತೋರಿಸಿ ತಮ್ಮ ನಾಡಿನ ಪರಂಪರೆಯನ್ನು ವಿವರಿಸಿದರೆಂಬ ಪ್ರಸಂಗ ಪ್ರಚಲಿತವಾಗಿದೆ. ಸಾಲ ಕೈಗೂಡಲು ಹೆಚ್ಚು ನೆರವಾದದ್ದು ಗ್ರೀಕ್ ಹಡಗು ಮಾಲೀಕ ಜಾರ್ಜ್ ಲಿವಾನೋಸ್ ಕೊಟ್ಟ ಬೇಡಿಕೆ ಎನ್ನಬಹುದು. ತಲಾ ಸುಮಾರು 2,60,000 ಟನ್ ಸಾಮರ್ಥ್ಯದ ಎರಡು ತೈಲವಾಹಕಗಳನ್ನು ಅವರು ಕೇಳಿದ್ದರು. ಖರೀದಿದಾರ ಸಿಕ್ಕಮೇಲೆ ಸಾಲಕ್ಕೆ ಖಾತರಿಯೂ ದೊರೆಯಿತು. 1972ರ ಮಾರ್ಚ್‌ನಲ್ಲಿ ಕೆಲಸ ಶುರುವಾಯಿತು. ಕಟ್ಟೆಯನ್ನೂ ಹಡಗನ್ನೂ ಒಟ್ಟೊಟ್ಟಿಗೆ ಕಟ್ಟಿ 1974ರ ಜೂನ್‌ನಲ್ಲಿ ಎರಡರ ಸಮಾರಂಭವನ್ನೂ ನಡೆಸಲಾಯಿತು.

ಆ ಹೊತ್ತಿಗೆ 1973ರ ತೈಲ ಬಿಕ್ಕಟ್ಟು ಎರಗಿತ್ತು. ಖರೀದಿದಾರರು ಹಿಂದೆ ಸರಿದು ಉಳಿದುಹೋದ ತೈಲವಾಹಕಗಳನ್ನು ದುಡಿಸಿಕೊಳ್ಳಲು ಹ್ಯುಂಡೈ 1976ರಲ್ಲಿ ತನ್ನದೇ ಸಾಗಣೆ ಕಂಪನಿಯನ್ನು ತೆರೆಯಿತು.

ಉದ್ಯಮದ ಕೊಂಡಿಗಳು

ಪೊಹಾಂಗ್ ಉಕ್ಕಿನ ಕಾರ್ಖಾನೆಯ ಮೊದಲ ಹಂತ 1973ರಲ್ಲಿ ಪೂರ್ಣಗೊಂಡಿತು. ಅದರ ದಪ್ಪ ಫಲಕಗಳಿಗೆ ಹಡಗುಕಟ್ಟೆಗಳು ದೊಡ್ಡ ಗಿರಾಕಿಗಳಾದವು. ಆರಂಭದಲ್ಲಿ ಯುರೋಪಿನ ಪರವಾನಗಿಯಡಿ ಎಂಜಿನ್ ತಯಾರಿಸುತ್ತಿದ್ದ ಹ್ಯುಂಡೈ, 2000ದ ವೇಳೆಗೆ ‘ಹಿಮ್ಸೆನ್’ ಎಂಬ ಸ್ವಂತ ವಿನ್ಯಾಸದ ಎಂಜಿನ್ ರೂಪಿಸಿತು. ಸ್ವೀಡನ್ನಿನ ಮಾಲ್ಮೊದಲ್ಲಿ ಕೊಕಮ್ಸ್ ಕಟ್ಟೆ ಮುಚ್ಚಿದ ಮೇಲೆ ಅಲ್ಲಿನ ದೈತ್ಯ ಕ್ರೇನನ್ನು ಹ್ಯುಂಡೈ ಒಂದು ಡಾಲರಿಗೆ ಕೊಂಡು, 2002ರಲ್ಲಿ ಬಿಚ್ಚಿ ಉಲ್ಸಾನಿಗೆ ಸಾಗಿಸಿತು.

ಎಲ್‌ಎನ್‌ಜಿ ಟ್ಯಾಂಕು

ಈ ಉದ್ಯಮದ ಬಲವೂ ದೌರ್ಬಲ್ಯವೂ ಜತೆಯಾಗಿ ಕಾಣಸಿಗುವುದು ಎಲ್‌ಎನ್‌ಜಿ ವಾಹಕದ ಟ್ಯಾಂಕಿನಲ್ಲಿ. ನೈಸರ್ಗಿಕ ಅನಿಲವನ್ನು ಸುಮಾರು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದರೆ ಅದು ದ್ರವವಾಗಿ, ಗಾತ್ರ ಆರುನೂರರ ಒಂದು ಭಾಗಕ್ಕೆ ಇಳಿಯುತ್ತದೆ. ಅಷ್ಟು ಚಳಿ ತಾಕಿದರೆ ಹಡಗಿನ ಸಾಮಾನ್ಯ ಉಕ್ಕು ಪೆಡಸಾಗಿ ಬಿರುಕು ಬಿಡುತ್ತದೆ. ಆದ್ದರಿಂದ ಟ್ಯಾಂಕಿನ ಒಳಮೈಗೆ ತೆಳುವಾದ ಲೋಹದ ಪೊರೆ ಹೊದಿಸಿ, ಅದರ ಹಿಂದೆ ಉಷ್ಣನಿರೋಧಕ ಪದರಗಳನ್ನೂ ಎರಡನೆಯ ತಡೆಯನ್ನೂ ಕೂರಿಸುತ್ತಾರೆ. ‘ಮಾರ್ಕ್ 3’ ಪದ್ಧತಿಯಲ್ಲಿ ಪೊರೆ 1.2 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಉಕ್ಕಿನದು. ಚಳಿಗೆ ಕುಗ್ಗಿದಾಗ ಹರಿಯದಂತೆ ಅದರಲ್ಲಿ ಮಡಿಕೆಗಳಿರುತ್ತವೆ. ‘ಎನ್‌ಒ96’ ಪದ್ಧತಿಯಲ್ಲಿ ಮಡಿಕೆ ಬೇಕಿಲ್ಲ, ಶೇ. 36ರಷ್ಟು ನಿಕಲ್ ಬೆರೆತ ಇನ್‌ವಾರ್ ಲೋಹ ಕುಗ್ಗುವುದೇ ಅತ್ಯಲ್ಪ, ಪೊರೆಯ ದಪ್ಪ 0.7 ಮಿಲಿಮೀಟರ್. ಕತಾರಿನ ಅನಿಲವನ್ನು ಗುಜರಾತಿನ ದಹೇಜ್‌ಗೆ ತರಲು 2004ರಲ್ಲಿ ಬಂದ ‘ದಿಶಾ’ ಮತ್ತು ‘ರಾಹಿ’ ಹಡಗುಗಳು ಡೇವೂ ಕಟ್ಟೆಯಲ್ಲೇ ತಯಾರಾದವು.

ವೆಲ್ಡಿಂಗ್ ಕೌಶಲ ಕೊರಿಯದ್ದು. ಆದರೆ ಎರಡೂ ಪದ್ಧತಿಗಳ ಹಕ್ಕು ಫ್ರಾನ್ಸಿನ ಜಿಟಿಟಿ ಸಂಸ್ಥೆಯದು. ಪ್ರತಿ ಹಡಗಿನ ಬೆಲೆಯಲ್ಲಿ ಶೇ. 5ರ ಆಸುಪಾಸು ಅದಕ್ಕೆ ಪರವಾನಗಿ ಶುಲ್ಕವಾಗಿ ಸಲ್ಲುತ್ತದೆಂದು ಅಂದಾಜು. ಇದನ್ನು ತಪ್ಪಿಸಲು ಕೊರಿಯಾ ‘ಕೆಸಿ-1’ ಎಂಬ ಸ್ವದೇಶಿ ಪದ್ಧತಿಯನ್ನು ರೂಪಿಸಿತು. ಅದನ್ನು ಅಳವಡಿಸಿದ ಎರಡು ಹಡಗುಗಳು 2018ರಲ್ಲಿ ಹಸ್ತಾಂತರಗೊಂಡ ಬೆನ್ನಿಗೇ ಹೊರಕವಚಕ್ಕೆ ಚಳಿ ಹಬ್ಬಿದ್ದು ಕಂಡುಬಂದು ಓಡಾಟ ನಿಂತಿತು. ದೀರ್ಘಕಾಲದ ವ್ಯಾಜ್ಯ ಹುಟ್ಟಿತು.

ಕಡಲ ಸ್ಥಾವರಗಳು

2008ರ ಹಣಕಾಸು ಬಿಕ್ಕಟ್ಟಿನಲ್ಲಿ ಹಡಗುಗಳ ಬೇಡಿಕೆ ಕುಸಿದಾಗ ಮೂರೂ ಸಂಸ್ಥೆಗಳು ಕಡಲ ಸ್ಥಾವರಗಳತ್ತ ಹೊರಳಿದವು. ಈ ಯುಗದ ಹೆಗ್ಗುರುತು ಸ್ಯಾಮ್‌ಸಂಗ್ ಕಟ್ಟೆಯಲ್ಲಿ ರೂಪುಗೊಂಡ ತೇಲುವ ಅನಿಲ ದ್ರವೀಕರಣ ಸ್ಥಾವರ ‘ಪ್ರಿಲ್ಯೂಡ್’. ಉದ್ದ 488 ಮೀಟರ್, ಅಗಲ 74 ಮೀಟರ್. 2017ರಲ್ಲಿ ಅದು ಗೊಜೆಯಿಂದ ಆಸ್ಟ್ರೇಲಿಯಾಕ್ಕೆ ಹೊರಟಿತು.

ಲಾಭ ಮಾತ್ರ ಕೈಗೆ ಹತ್ತಲಿಲ್ಲ. ಇಂಥ ಸ್ಥಾವರಗಳ ಮೂಲ ವಿನ್ಯಾಸ ಬಹುಮಟ್ಟಿಗೆ ಪಾಶ್ಚಾತ್ಯ ಸಂಸ್ಥೆಗಳ ಕೈಯಲ್ಲಿತ್ತು. ಕೊರಿಯದ ಕಂಪನಿಗಳು ನಿಗದಿತ ಮೊತ್ತಕ್ಕೆ ಇಡೀ ಕಾಮಗಾರಿಯನ್ನು ಒಪ್ಪಿಕೊಂಡಿದ್ದವು. ಕೆಲಸದ ನಡುವೆ ವಿನ್ಯಾಸ ಬದಲಾದಾಗಲೆಲ್ಲ ಖರ್ಚು ಇವರ ತಲೆಗೇ ಬಂತು. 2014ರಲ್ಲಿ ತೈಲದ ಬೆಲೆ ಕುಸಿಯಿತು. ಹಲವು ಗಿರಾಕಿಗಳು ಸಿದ್ಧವಾಗುತ್ತಿದ್ದ ಕೊರೆಯುವ ಹಡಗುಗಳನ್ನು ಪಡೆಯಲು ಹಿಂಜರಿದರು. ಮೂರೂ ಸಂಸ್ಥೆಗಳು ಭಾರೀ ನಷ್ಟ ಕಂಡವು, ಡೇವೂವನ್ನು ಸರ್ಕಾರಿ ಬ್ಯಾಂಕುಗಳು ಉಳಿಸಬೇಕಾಯಿತು. 2017ರಲ್ಲಿ ಹ್ಯುಂಡೈ ತನ್ನ ಗುನ್ಸಾನ್ ಕಟ್ಟೆಯ ಕೆಲಸ ನಿಲ್ಲಿಸಿದಾಗ ಪೆಟ್ಟು ಬಿದ್ದದ್ದು ಸುತ್ತಲಿನ ಬಿಡಿಭಾಗದ ಘಟಕಗಳಿಗೂ ಇಡೀ ಊರಿನ ವ್ಯಾಪಾರಕ್ಕೂ.

ಕಾರ್ಮಿಕರು

ಕಟ್ಟೆಗಳ ಕೆಲಸದ ಬಹುಪಾಲು ಉಪಗುತ್ತಿಗೆ ಕಾರ್ಮಿಕರದು. ಹಿಂಜರಿತದ ವರ್ಷಗಳಲ್ಲಿ ಕಡಿತವಾದ ವೇತನವನ್ನು ಮರಳಿ ಕೊಡಬೇಕೆಂದು 2022ರಲ್ಲಿ ಡೇವೂ ಕಟ್ಟೆಯಲ್ಲಿ ಅವರು 51 ದಿನ ಮುಷ್ಕರ ಹೂಡಿದರು.

ಈಚಿನ ಸ್ಥಿತಿ

ಎಲ್‌ಎನ್‌ಜಿ ವಾಹಕಗಳ ಮಾರುಕಟ್ಟೆ ಒಂದೇ ಕೈಗೆ ಸೇರುತ್ತದೆಂಬ ಕಾರಣಕ್ಕೆ ಹ್ಯುಂಡೈ–ಡೇವೂ ವಿಲೀನವನ್ನು ಐರೋಪ್ಯ ಒಕ್ಕೂಟ 2022ರ ಜನವರಿಯಲ್ಲಿ ತಡೆಯಿತು. ಡೇವೂ 2023ರಲ್ಲಿ ಹನ್ವಾ ಸಮೂಹಕ್ಕೆ ಸೇರಿತು. ಅದೇ ಸಮೂಹ 2024ರ ಕೊನೆಯಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹಡಗುಕಟ್ಟೆಯನ್ನು ಖರೀದಿಸಿತು. ಹಡಗುಗಳಿಗೆ ಬರುವ ಒಟ್ಟು ಬೇಡಿಕೆಯನ್ನು ಪಡೆಯುವುದರಲ್ಲಿ ಚೀನಾ ಮುಂದಿದ್ದು, ಅಲ್ಲಿನ ಕಟ್ಟೆಗಳು ಎಲ್‌ಎನ್‌ಜಿ ವಾಹಕಗಳ ನಿರ್ಮಾಣದಲ್ಲೂ ಪೈಪೋಟಿಗಿಳಿದಿವೆ.