ಚಿಕ್ಕೋಡಿ ಕೋರ್ಟಿನ ಲ್ಯಾಟಿನ್

ಚಿಕ್ಕೋಡಿ, ಅಥಣಿ, ರಾಯಬಾಗ, ಯಾವ ಊರಿನ ಕೋರ್ಟಿನ ಕಟ್ಟೆಯ ಮೇಲೆ ಕೂತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಕೇವಿಯಟ್ ಹಾಕೇವ್ರಿ, ಇನ್ನ ಅಂಜೂ ಕಾರಣಿಲ್ಲ.’ ಹೊಲದ ಬಾಂದಿನ ತಂಟೆಗೆ ಬಂದ ಕಾಗವಾಡ ಕಡೆಯ ರೈತನೂ, ಮನೆ ಪಾಲಿಗೆ ಬಂದ ನಿಪ್ಪಾಣಿಯವನೂ ಹೀಗೆ ಹೇಳುವಾಗ, ತಮಗೆ ತಿಳಿಯದೆಯೇ ಲ್ಯಾಟಿನ್ನಿನ ಸಬ್‌ಜಂಕ್ಟಿವ್ ರೂಪವೊಂದನ್ನು ಬಳಸುತ್ತಿರುತ್ತಾರೆ.

ಲ್ಯಾಟಿನ್ನಿನಲ್ಲಿ ‘ಕವೆತ್’ ಎಂದರೆ ಎಚ್ಚರವಾಗಿದ್ದಾನೆ. ‘ಕವೆಅತ್’ ಎಂದರೆ ಎಚ್ಚರವಾಗಿರಲಿ. ನಡುವೆ ಒಂದೇ ಸ್ವರದ ವ್ಯತ್ಯಾಸ. ಮೊದಲನೆಯದು ಇದ್ದದ್ದನ್ನು ಹೇಳುತ್ತದೆ, ಎರಡನೆಯದು ಆಗಬೇಕಾದ್ದನ್ನು. ಅದೇ ವಕೀಲರ ಕೈಚೀಲದಲ್ಲಿರುವ ಅಫಿಡವಿಟ್ ಈ ಜಾತಿಯದಲ್ಲ. ಅದರ ಅರ್ಥ ‘ಪ್ರಮಾಣ ಮಾಡಿದ್ದಾನೆ’. ಮ್ಯಾಂಡಮಸ್ ‘ನಾವು ಆಜ್ಞಾಪಿಸುತ್ತೇವೆ’. ಇವೆರಡೂ ಆದದ್ದರ, ಆಗುತ್ತಿರುವುದರ ಮಾತು.

ಸಬ್‌ಜಂಕ್ಟಿವ್ ಎಂಬ ಹೆಸರಿನಲ್ಲೇ ನೊಗವಿದೆ. ಲ್ಯಾಟಿನ್ನಿನ ‘ಯುಂಗೆರೆ’, ಅಂದರೆ ಹೂಡು, ಜೋಡಿಸು; ನಮ್ಮ ‘ಯುಗ’, ‘ಯೋಗ’ಗಳೂ ಅದೇ ಮೂಲದವು. ಒಂದು ವಾಕ್ಯದ ಕೆಳಗೆ ಇನ್ನೊಂದನ್ನು ಹೂಡಿದಾಗ ಕೆಳಗಿನ ಕ್ರಿಯಾಪದ ಹಲವು ಸಲ ಈ ರೂಪ ತಾಳುತ್ತದೆ. ‘ರೊಗೋ ಉತ್ ವೆನಿಯಾಸ್’, ನೀನು ಬರಲೆಂದು ಬೇಡುತ್ತೇನೆ. ಕನ್ನಡಕ್ಕೆ ಇದು ಅಪರಿಚಿತವೇನಲ್ಲ. ಶಾಲೆಯಲ್ಲಿ ಓದಿದ ವಿಧ್ಯರ್ಥ, ಸಂಭಾವನಾರ್ಥಗಳು ಈ ಕೆಲಸದ ದೊಡ್ಡ ಪಾಲನ್ನು ಮಾಡುತ್ತವೆ: ಬರಲಿ, ಬಂದಾನು, ಮಳಿ ಆದೀತು. ಗಡಿಯ ಊರುಗಳಲ್ಲಿ ಪಕ್ಕದಲ್ಲೇ ಮರಾಠಿಯ ‘ಹೋವೋ’ ಕೇಳಿಸುತ್ತದೆ, ಅದೂ ‘ಆಗಲಿ’ಯೇ. ‘ಮಳಿ ಆಗಿದ್ರ ಕಬ್ಬು ಉಳೀತಿತ್ತು’ ಎಂಬಲ್ಲಿ ಮಾತ್ರ ದಾರಿ ಬೇರೆ. ನಮ್ಮಲ್ಲಿ ಎರಡನೆಯ ಕ್ರಿಯಾಪದ ಸಾಮಾನ್ಯ ಭೂತಕಾಲದ ರೂಪದಲ್ಲೇ ಇರುತ್ತದೆ. ಲ್ಯಾಟಿನ್ ಎರಡನ್ನೂ ಬದಲಿಸುತ್ತದೆ. ಸಂಸ್ಕೃತದಲ್ಲೂ ಇಂಥದೊಂದು ರೂಪವಿತ್ತು, ‘ಲೇಟ್’. ಪಾಣಿನಿಯ ಕಾಲಕ್ಕೇ ಅದು ವೇದಕ್ಕಷ್ಟೇ ಸೀಮಿತವಾಗಿತ್ತು.

ಇಂಗ್ಲೆಂಡಿನ ಕೋರ್ಟುಗಳು 1733ರಲ್ಲೇ ದಾಖಲೆಗಳಿಗೆ ಲ್ಯಾಟಿನ್ ಬಿಟ್ಟವು. ಆದರೆ ರಿಟ್‌ಗಳ ಹೆಸರು ಉಳಿದವು, ಮುಂದೆ ಬ್ರಿಟಿಷರ ಜೊತೆ ಇಲ್ಲಿಗೂ ಬಂದವು. ಬೆಳಗಾವಿ ಜಿಲ್ಲೆಯ ವ್ಯಾಜ್ಯಗಳು 1956ರ ತನಕ ಮುಂಬಯಿ ಹೈಕೋರ್ಟಿಗೆ ಹೋಗುತ್ತಿದ್ದವು, ಆಮೇಲೆ ಬೆಂಗಳೂರಿಗೆ, 2008ರಿಂದ ಧಾರವಾಡದ ಪೀಠಕ್ಕೆ. ರಾಜ್ಯ ಬದಲಾಯಿತು, ಲ್ಯಾಟಿನ್ ಬದಲಾಗಲಿಲ್ಲ.

ಇವುಗಳಲ್ಲಿ ತೂಕದ್ದು ಹೇಬಿಯಸ್ ಕಾರ್ಪಸ್. ‘ಹಬೇಸ್’ ಎಂದಿದ್ದರೆ ‘ದೇಹ ನಿನ್ನ ಬಳಿ ಇದೆ’ ಎಂದಾಗುತ್ತಿತ್ತು, ಜೈಲಿನವನಿಗೆ ಗೊತ್ತಿದ್ದ ಸುದ್ದಿ. ‘ಹಬೆಆಸ್’ ಎಂದಾಗ ಆ ದೇಹವನ್ನು ನಮ್ಮೆದುರು ತಂದು ನಿಲ್ಲಿಸತಕ್ಕದ್ದು ಎಂದಾಗುತ್ತದೆ. ಹಳೆಯ ರಿಟ್‌ಗಳಲ್ಲಿ ಇದು ‘ನಿನಗೆ ಆಜ್ಞಾಪಿಸುತ್ತೇವೆ’ ಎಂಬ ಮುಖ್ಯವಾಕ್ಯಕ್ಕೆ ಹೂಡಿದ ಉಪವಾಕ್ಯ. ಹೆಸರಾಗಿ ಉಳಿದದ್ದು ಉಪವಾಕ್ಯವಷ್ಟೇ, ಆಜ್ಞಾಪಿಸುವವರು ಕಾಣೆಯಾದರು.

ತುರ್ತುಪರಿಸ್ಥಿತಿಯಲ್ಲಿ ಅವರು ನಿಜವಾಗಿಯೂ ಕಾಣೆಯಾದರು. ಬೆಂಗಳೂರಿನ ಜೈಲಿನಲ್ಲಿ ಅಡ್ವಾಣಿ, ಮಧು ದಂಡವತೆ ಮುಂತಾದವರಿದ್ದರು. ಇಂಥ ಅರ್ಜಿಗಳನ್ನು ವಿಚಾರಿಸಬಹುದೆಂದು ಕರ್ನಾಟಕವೂ ಸೇರಿ ಹಲವು ಹೈಕೋರ್ಟುಗಳು ಹೇಳಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ನಾಲ್ಕು-ಒಂದರ ಬಹುಮತದಿಂದ ಅದನ್ನು ತಳ್ಳಿಹಾಕಿತು; ಒಪ್ಪದೆ ನಿಂತವರು ನ್ಯಾಯಮೂರ್ತಿ ಎಚ್. ಆರ್. ಖನ್ನಾ. ಆ ತೀರ್ಪು ರದ್ದಾದದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ.

ವಿಚಿತ್ರವೆಂದರೆ, ಕೇವಿಯಟ್ಟನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಗೆ 148ಎ ಕಲಮಾಗಿ ಸೇರಿಸಿದ್ದೂ 1976ರ ತಿದ್ದುಪಡಿಯೇ. ನಮ್ಮ ರೈತ ಅದನ್ನು ಗೆಲುವೆಂದು ತಿಳಿಯುತ್ತಾನೆ. ಅದು ಹೇಳುವುದು ಇಷ್ಟೇ: ನನ್ನನ್ನು ಕೇಳದೆ ಆದೇಶ ಮಾಡದಂತೆ ಎಚ್ಚರವಿರಲಿ. ಆಯುಷ್ಯ 90 ದಿನ. ಎದುರು ಪಕ್ಷ ಅಷ್ಟರೊಳಗೆ ಅರ್ಜಿ ಹಾಕದಿದ್ದರೆ, 91ನೆಯ ದಿನ ಅವನು ಮತ್ತೆ ಬಸ್ಸು ಹತ್ತಿ ಬರಬೇಕು.