ಕ್ಲಿಕ್‌ಬೈಟೋ, ಕ್ಲಿಕ್‌ಬೇಟೋ? ಗಾಳ ಹಾಕುವ ಇಂಗ್ಲಿಷ್ ಪದದ ಪೂರ್ತಿ ಪರಿಚಯ

‘ಈ ಎಲೆಯ ಗುಟ್ಟು ತಿಳಿದರೆ ಬೆಚ್ಚಿಬೀಳುತ್ತೀರಿ!’ ಇಂಥ ತಲೆಬರಹದ ಸಂದೇಶ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಇದನ್ನು ಕ್ಲಿಕ್‌ಬೈಟ್ ಎನ್ನುತ್ತಾರೆ. ಕಂಪ್ಯೂಟರಿನ ಮೆಗಾಬೈಟ್‌ಗೂ ಇದಕ್ಕೂ ಏನು ಸಂಬಂಧ? ಇದರಿಂದ ಹಣ ಹೋಗುವುದು ಹೇಗೆ? ಒಂದೊಂದಾಗಿ ನೋಡೋಣ.

ಬೈಟ್ ಅಲ್ಲ, ಬೇಟ್

ಕನ್ನಡದಲ್ಲಿ ನಾವು ‘ಬೈಟ್’ ಎಂದು ಬರೆಯುವ ಇಂಗ್ಲಿಷ್ ಪದಗಳು ಮೂರು. ಡೇಟಾ ಅಳೆಯುವ ಬೈಟ್ ಒಂದು. ಕಚ್ಚುವುದು ಎಂಬ ಅರ್ಥದ ಬೈಟ್ ಇನ್ನೊಂದು, ಟಿ.ವಿ. ವರದಿಗಾರರು ನಾಯಕರಿಂದ ಪಡೆಯುವ ‘ಬೈಟ್’ ಇದೇ. ಮೂರನೆಯದು ಮೀನು ಹಿಡಿಯಲು ಗಾಳಕ್ಕೆ ಸಿಕ್ಕಿಸುವ ತುತ್ತು. ಇದರ ಸರಿಯಾದ ಉಚ್ಚಾರ ‘ಬೇಟ್’. ಕ್ಲಿಕ್‌ಬೈಟ್‌ನಲ್ಲಿರುವುದು ಈ ಮೂರನೆಯ ಪದ. ಕ್ಲಿಕ್ ಮಾಡಿಸಲು ಹಾಕಿದ ಗಾಳದ ತುತ್ತು ಎಂದರ್ಥ.

ಮೂರೂ ದೂರದ ನೆಂಟರು ಎಂಬುದು ನಿಜ. ಬೇಟ್ ಪದ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು. ಅಲ್ಲಿ ಅದರ ಮೂಲಾರ್ಥ ‘ಕಚ್ಚುವಂತೆ ಮಾಡು’. ಕಂಪ್ಯೂಟರಿನ ಬೈಟ್ ಅನ್ನು 1956ರಲ್ಲಿ ಐಬಿಎಂನ ವರ್ನರ್ ಬುಕ್‌ಹೋಲ್ಟ್ಸ್ ರೂಪಿಸಿದರು. ‘ಬಿಟ್’ ಪದದೊಂದಿಗೆ ಗೊಂದಲವಾಗದಿರಲಿ ಎಂದು ಕಚ್ಚುವ ಬೈಟ್‌ನ ಕಾಗುಣಿತವನ್ನೇ ಬದಲಿಸಿಕೊಂಡರು.

ನಮ್ಮ ‘ಬೇಟೆ’ಯಿಂದಲೇ ಬೇಟ್ ಹುಟ್ಟಿತೇ?

ಇಲ್ಲ. ಸದ್ದು, ಅರ್ಥ ಎರಡೂ ಹತ್ತಿರವಿದ್ದರೂ ಅದು ಕಾಕತಾಳೀಯ. ಎರಡು ಪದಗಳ ಬೇರುಗಳೂ ಬೇರೆ.

ಕನ್ನಡಕ್ಕೆ ಪದ ಇಲ್ಲದೆಯೂ ಇಲ್ಲ. ‘ಎರೆ’ ಎಂದರೆ ಗಾಳಕ್ಕೆ ಸಿಕ್ಕಿಸುವ ತುತ್ತು ಎಂಬ ಅರ್ಥವಿದೆ, ಎರೆಹುಳುವನ್ನು ನೆನಪಿಸಿಕೊಳ್ಳಿ. ಚುನಾವಣೆ ಬಂದಾಗ ಪತ್ರಿಕೆಗಳಲ್ಲಿ ಓದುವ ‘ಮತದಾರರಿಗೆ ಆಮಿಷ’ ಎಂಬ ಮಾತಿನಲ್ಲಿಯೂ ಇದೇ ಇದೆ. ಸಂಸ್ಕೃತದಲ್ಲಿ ಆಮಿಷ ಎಂದರೆ ಮಾಂಸ, ಗಾಳದ ತುತ್ತು ಕೂಡ. ಕನ್ನಡದಲ್ಲಿ ಈಗ ಉಳಿದಿರುವುದು ಆಸೆ ತೋರಿಸುವುದು ಎಂಬ ಅರ್ಥ ಮಾತ್ರ.

ಇಂದಿನ ನಾಲ್ಕು ಬಳಕೆಗಳು

ಕ್ಲಿಕ್‌ಬೇಟ್: ಅರ್ಧ ಹೇಳಿ ಅರ್ಧ ಮುಚ್ಚಿಡುವ ತಲೆಬರಹ. ಇದು ಕೆಲಸ ಮಾಡುವುದೇಕೆ? ನಮಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕು ಅನ್ನಿಸುವುದಕ್ಕೂ ನಡುವಿನ ಅಂತರವೇ ಕುತೂಹಲ ಎಂದು ಅಮೆರಿಕದ ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ವಿವರಿಸಿದರು. ಆ ಅಂತರ ತುರಿಕೆಯಂತೆ ಕಾಡುತ್ತದೆ. ಬೆರಳು ತಾನಾಗಿ ಲಿಂಕ್ ಒತ್ತುತ್ತದೆ.

ರೇಜ್‌ಬೇಟ್: ಸಿಟ್ಟು ಬರಿಸಲೆಂದೇ ಹಾಕುವ ಪೋಸ್ಟ್. ಭಾಷೆ, ಜಾತಿ, ಊಟ, ಯಾವುದಾದರೂ ಸರಿ. ನೀವು ಬೈದು ಕಮೆಂಟ್ ಹಾಕಿದರೂ, ‘ನೋಡಿ ಎಂಥ ಜನ’ ಎಂದು ಹಂಚಿದರೂ ಲಾಭ ಹಾಕಿದವರಿಗೇ. ಆಕ್ಸ್‌ಫರ್ಡ್ ಇದನ್ನು 2025ರ ವರ್ಷದ ಪದವಾಗಿ ಆರಿಸಿತು.

ಬೇಟ್ ಜಾಹೀರಾತು: ತೀರ ಅಗ್ಗದ ಬೆಲೆ ತೋರಿಸಿ ಕರೆಯುವುದು. ಹೋದರೆ ‘ಅದು ಖಾಲಿಯಾಯ್ತು, ಇದನ್ನು ತಗೊಳ್ಳಿ’ ಎಂದು ದುಬಾರಿ ಮಾಲು ತೋರಿಸುವುದು. ಭಾರತದಲ್ಲಿ 2022ರ ಜಾಹೀರಾತು ಮಾರ್ಗಸೂಚಿ ಇಂಥ ಜಾಹೀರಾತಿಗೆ ಷರತ್ತು ಹಾಕಿದೆ: ಹೇಳಿದ ಬೆಲೆಗೆ ಮಾಲು ಕೊಡುವ ಸಾಧ್ಯತೆ ನಿಜವಾಗಿ ಇರಬೇಕು, ಸಾಕಷ್ಟು ದಾಸ್ತಾನೂ ಇರಬೇಕು. ಆನ್‌ಲೈನಿನಲ್ಲಿ ಹೀಗೆ ಮಾಲು ಬದಲಿಸುವುದನ್ನು 2023ರ ಮಾರ್ಗಸೂಚಿ 13 ‘ಡಾರ್ಕ್ ಪ್ಯಾಟರ್ನ್’ಗಳಲ್ಲಿ ಒಂದಾಗಿ ಪಟ್ಟಿ ಮಾಡಿದೆ.

ಫಿಶಿಂಗ್: ಇಲ್ಲಿ ಬೇಟ್ ಪದ ಇಲ್ಲ, ಆದರೆ ಮೀನು ಹಿಡಿಯುವ ಕೆಲಸವೇ. ಸದ್ದು ಒಂದೇ, ಕಾಗುಣಿತ ಬೇರೆ. ತುತ್ತಿನ ರೂಪ ದಿನಕ್ಕೊಂದು: ಮದುವೆ ಆಮಂತ್ರಣ, ಟ್ರಾಫಿಕ್ ದಂಡದ ಚಲನ್, ಕೆವೈಸಿ ಅಪ್‌ಡೇಟ್, ಮನೆಯಲ್ಲೇ ಕೂತು ಸಂಪಾದನೆ. ಆಮಂತ್ರಣ ಎಂದು ಬಂದ ಫೈಲಿನ ಹೆಸರು ‘ಎಪಿಕೆ’ ಎಂದು ಮುಗಿದರೆ ಅದು ಚಿತ್ರವಲ್ಲ, ಆ್ಯಪ್. ಅದನ್ನು ಇನ್‌ಸ್ಟಾಲ್ ಮಾಡಿ ಅನುಮತಿ ಕೊಟ್ಟರೆ ಒಟಿಪಿ ಸಂದೇಶ ಓದುವ ಅವಕಾಶ ಕಳ್ಳರಿಗೆ ಸಿಗಬಹುದು.

ಇಲಿಗಳಿಂದ ಒಂದು ಪಾಠ

ಇಲಿ ಹೊಸ ತಿಂಡಿಯನ್ನು ಮೊದಲು ಸ್ವಲ್ಪವೇ ತಿನ್ನುತ್ತದೆ. ಹೊಟ್ಟೆ ಕೆಟ್ಟರೆ ಮತ್ತೆ ಆ ರುಚಿಯ ಹತ್ತಿರ ಸುಳಿಯುವುದಿಲ್ಲ. ವಿಜ್ಞಾನದಲ್ಲಿ ಇದಕ್ಕೆ ‘ಬೇಟ್ ಶೈನೆಸ್’, ಅಂದರೆ ಆಮಿಷದ ಅಂಜಿಕೆ ಎನ್ನುತ್ತಾರೆ. ಇದನ್ನು ಮೀರಲೆಂದೇ ವಾರ್ಫರಿನ್‌ನಂಥ ನಿಧಾನ ವಿಷಗಳು ಬಳಕೆಗೆ ಬಂದವು. ತಿಂದು ಕೆಲವು ದಿನಗಳ ನಂತರ ಪರಿಣಾಮ ಆಗುವುದರಿಂದ ಯಾವ ತಿಂಡಿಯಿಂದ ಕೆಟ್ಟಿತೆಂದು ಇಲಿಗೆ ತಿಳಿಯುವುದಿಲ್ಲ. ‘ಹೂಡಿಕೆ’ ವಂಚಕರ ಲೆಕ್ಕಾಚಾರವೂ ಇದೇ. ಮೊದಲು ಐನೂರು ರೂಪಾಯಿ ಲಾಭ ಕೊಟ್ಟು ನಂಬಿಸುತ್ತಾರೆ, ಲಕ್ಷ ಹಾಕಿದ ಮೇಲೆ ನಾಪತ್ತೆಯಾಗುತ್ತಾರೆ.

ಫಾರ್ವರ್ಡ್ ಮಾಡುವ ಮುನ್ನ

• ಏನು ವಿಷಯ ಎಂದು ತಲೆಬರಹ ಹೇಳುತ್ತಿದೆಯೇ, ಬರೀ ಕೆಣಕುತ್ತಿದೆಯೇ ನೋಡಿ.
• ವಾಟ್ಸಾಪ್‌ನಲ್ಲಿ ಜೋಡಿ ಬಾಣದ ಗುರುತಿದ್ದರೆ ಆ ಸಂದೇಶ ಹಲವು ಕೈ ದಾಟಿ ಬಂದಿದೆ. ಕಳಿಸಿದ ನೆಂಟರು ಒಳ್ಳೆಯವರು ಎಂದ ಮಾತ್ರಕ್ಕೆ ಸಂದೇಶ ನಿಜವಲ್ಲ.
• ‘ಇಂದೇ ಕೊನೆಯ ದಿನ’ ಎಂದಿದ್ದರೆ ಇನ್ನಷ್ಟು ನಿಧಾನಿಸಿ. ಬ್ಯಾಂಕಿನ ವಿಷಯವಾದರೆ ಪಾಸ್‌ಬುಕ್ ಅಥವಾ ಕಾರ್ಡಿನ ಹಿಂದಿರುವ ಸಂಖ್ಯೆಗೇ ಕರೆ ಮಾಡಿ.
• ಹಣ ಹೋಗಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ, ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ಕೊಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಒಟ್ಟಿನಲ್ಲಿ: ಬೇಟ್ ಎಂದರೆ ಕಚ್ಚಿಸಲು ಹಾಕಿದ ತುತ್ತು. ತುತ್ತು ಪುಕ್ಕಟೆಯಾಗಿ ಕಂಡಾಗ ಗಾಳದ ದಾರ ಯಾರ ಕೈಯಲ್ಲಿದೆ ಎಂದು ಒಮ್ಮೆ ನೋಡಿ.