ಓದುವ ತಿರುಮಲಾಂಬೆ: ವಿಜಯನಗರದ ಅರಮನೆಯ ಅಕ್ಷರಸ್ತ್ರೀ

16ನೆಯ ಶತಮಾನದ ವಿಜಯನಗರದಲ್ಲಿ ಓದು ಬರಹವನ್ನೇ ವೃತ್ತಿಯಾಗಿ ನಡೆಸಿದ ಸ್ತ್ರೀಯರಿದ್ದರು. ಅರಮನೆಯ ಲೆಕ್ಕ ಬರೆದವರು ಅವರು. ರಾಜ್ಯದ ಆಗುಹೋಗುಗಳನ್ನು ದಾಖಲಿಸಿದವರೂ ಅವರೇ. ಆ ಸಮೂಹದ ಹೆಚ್ಚಿನವರ ಹೆಸರುಗಳು ಅಳಿದುಹೋಗಿವೆ. ಅದೇ ಅರಮನೆಯ ವಿದುಷಿಯೊಬ್ಬಳು ಮಾತ್ರ ತನ್ನ ಹೆಸರನ್ನು ಕಲ್ಲಿನ ಮೇಲೂ ಕಾವ್ಯದ ಕೊನೆಯಲ್ಲೂ ಉಳಿಸಿಹೋಗಿದ್ದಾಳೆ. ಆಕೆಯೇ ಅಚ್ಯುತರಾಯನ (ಆಳ್ವಿಕೆ 1529-1542) ಆಸ್ಥಾನದ ತಿರುಮಲಾಂಬೆ.

ಹೆಸರಿನಲ್ಲೇ ಇರುವ ವೃತ್ತಿ

ಹಂಪಿಯ ವಿಠ್ಠಲ ದೇವಾಲಯದ ಶಾಸನದಲ್ಲಿ ಅಚ್ಯುತರಾಯನ ಸುವರ್ಣಮೇರು ದಾನವನ್ನು ಕುರಿತ ಸಂಸ್ಕೃತ ಪದ್ಯವೊಂದಿದೆ. ಅದನ್ನು ರಚಿಸಿದವಳು ‘ಓದುವ ತಿರುಮಲಮ್ಮ’. ‘ಓದುವ’ ಎಂಬ ಅಚ್ಚಗನ್ನಡ ವಿಶೇಷಣ ಆಕೆಯ ಉದ್ಯೋಗವನ್ನು ಸೂಚಿಸುತ್ತದೆ. ಆಕೆ ಅರಮನೆಯಲ್ಲಿ ಗ್ರಂಥಗಳನ್ನು ಓದಿ ಹೇಳುತ್ತಿದ್ದ ವಿದುಷಿ. ಈಕೆಯೂ ‘ವರದಾಂಬಿಕಾ ಪರಿಣಯ ಚಂಪೂ’ವಿನ ಕವಯಿತ್ರಿಯೂ ಒಬ್ಬಳೇ ಎಂಬುದು ವಿದ್ವಾಂಸರ ಅಭಿಪ್ರಾಯ. ಕೆಲವರು ಆಕೆಯನ್ನು ಅಚ್ಯುತರಾಯನ ರಾಣಿಯೆಂದೂ ಕರೆದಿದ್ದಾರೆ. ಆದರೆ ‘ಓದುವ’ ಎಂಬ ಮಾತು ಅಂತಃಪುರದ ಪದವಿಗಿಂತ ವಿದ್ಯೆಯ ಪದವಿಯನ್ನೇ ಎತ್ತಿ ತೋರಿಸುತ್ತದೆ.

ಉದ್ಯೋಗವೇ ಹೆಸರಿನ ಭಾಗವಾದ ಇನ್ನೊಬ್ಬ ಕವಯಿತ್ರಿ ಕನ್ನಡಿಗರಿಗೆ ಚಿರಪರಿಚಿತಳು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಹದಿಬದೆಯ ಧರ್ಮ’ವನ್ನು ರಚಿಸಿದ ಸಂಚಿಯ ಹೊನ್ನಮ್ಮ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿಯನ್ನು ಹಿಡಿಯುವ ಊಳಿಗದವಳು.

ಆ ಕಾಲದ ರಾಜಶಾಸನಗಳ ರಚನೆ ಬಹುಮಟ್ಟಿಗೆ ಪುರುಷರ ಕೈಯಲ್ಲಿತ್ತು. ಅಚ್ಯುತರಾಯನ ಮತ್ತು ಅವನ ನಂತರದ ಸದಾಶಿವರಾಯನ ಅನೇಕ ತಾಮ್ರಶಾಸನಗಳ ಪಾಠವನ್ನು ಸಭಾಪತಿ ಎಂಬ ಕವಿ ರಚಿಸಿದ್ದಾನೆ, ಕೆತ್ತಿದವನು ವೀರಣಾಚಾರ್ಯ. ಇಂತಹ ಕ್ಷೇತ್ರದಲ್ಲಿ ಒಬ್ಬ ಸ್ತ್ರೀಯ ಪದ್ಯ ಕಲ್ಲಿಗೇರಿ, ಜೊತೆಗೆ ಆಕೆಯ ಹೆಸರೂ ಕೆತ್ತಲ್ಪಟ್ಟದ್ದು ಸಾಮಾನ್ಯ ಸಂಗತಿಯಲ್ಲ.

ಲೆಕ್ಕ ಬರೆಯುತ್ತಿದ್ದ ಸ್ತ್ರೀಯರು

ಅಚ್ಯುತರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಅರಮನೆಯ ಸ್ತ್ರೀಯರ ಬಗ್ಗೆ ವಿವರವಾಗಿ ಬರೆದಿದ್ದಾನೆ. ಅವರಲ್ಲಿ ಕತ್ತಿ ಗುರಾಣಿ ಹಿಡಿದವರು, ಕುಸ್ತಿ ಆಡುವವರು, ಜ್ಯೋತಿಷ್ಯ ಹೇಳುವವರು ಎಲ್ಲರೂ ಇದ್ದರು. ನಮ್ಮ ವಿಷಯಕ್ಕೆ ಮುಖ್ಯವಾದುದು ಅವನು ಹೇಳುವ ಎರಡು ಬಗೆಯ ಲೇಖಕಿಯರ ಸಂಗತಿ. ಒಂದು ವರ್ಗದವರು ಅರಮನೆಯ ಬಾಗಿಲೊಳಗೆ ಆಗುವ ಖರ್ಚಿನ ಲೆಕ್ಕವನ್ನೆಲ್ಲ ಬರೆಯುತ್ತಿದ್ದರು. ಇನ್ನೊಂದು ವರ್ಗದವರು ರಾಜ್ಯದ ವ್ಯವಹಾರಗಳನ್ನು ಬರೆದಿಟ್ಟು, ತಮ್ಮ ಪುಸ್ತಕಗಳನ್ನು ಹೊರಗಿನ ಲೇಖಕರ ಪುಸ್ತಕಗಳೊಡನೆ ತಾಳೆ ನೋಡುತ್ತಿದ್ದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಇದು ಲೆಕ್ಕಪರಿಶೋಧನೆ. ಹೊರಗಿನ ಕರಣಿಕನ ಬರಹ ಸರಿಯೋ ತಪ್ಪೋ ಎಂಬುದಕ್ಕೆ ಒಳಗಿನ ಲೇಖಕಿಯ ಬರಹವೇ ಪ್ರಮಾಣವಾಗಿ ನಿಲ್ಲುತ್ತಿತ್ತು. ನೂನಿಜನ ಬರಹ ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ ಇಂಗ್ಲಿಷ್ ಓದುಗರಿಗೆ ದೊರೆಯಿತು.

ಓಲೆ ಮತ್ತು ಕಡತ

1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ಇಲ್ಲಿ ಎರಡು ವಿಧದ ಬರವಣಿಗೆಯನ್ನು ಕಂಡ. ಒಂದು, ಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆಯುವುದು. ಇನ್ನೊಂದು, ಕಪ್ಪು ಬಳಿದ ಹಾಳೆಯ ಮೇಲೆ ಮೆತುಕಲ್ಲಿನ ಬಳಪದಿಂದ ಬಿಳಿಯಾಗಿ ಬರೆಯುವುದು. ಎರಡನೆಯದಕ್ಕೇ ಹೆಚ್ಚಿನ ಮನ್ನಣೆಯಿತ್ತೆಂದು ಅವನು ಹೇಳುತ್ತಾನೆ.

ಓಲೆಗರಿಯ ಮೇಲೆ ಬರೆಯಲು ಕೈ ಪಳಗಿರಬೇಕು. ಒತ್ತು ಹೆಚ್ಚಾದರೆ ಗರಿ ತೂತಾಗುತ್ತದೆ. ನಾರಿನ ಗುಂಟ ಉದ್ದ ಗೆರೆ ಎಳೆದರೆ ಸೀಳುತ್ತದೆ. ಕೊರೆದ ಅಕ್ಷರಗಳಿಗೆ ಆಮೇಲೆ ಕಾಡಿಗೆಯನ್ನು ತಿಕ್ಕಿ ಒರೆಸಿದಾಗಲೇ ಅವು ಎದ್ದು ಕಾಣುವುದು. ಕಡತವೆಂದರೆ ಹುಣಿಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಬಳಿದು ಗಟ್ಟಿ ಮಾಡಿ ಮಡಿಸಿದ ಬಟ್ಟೆ. ಇಂದು ಸರ್ಕಾರಿ ಕಚೇರಿಗಳಲ್ಲಿ ‘ಕಡತ ವಿಲೇವಾರಿ’ ಎನ್ನುವಾಗ ಆ ಹಳೆಯ ಕಪ್ಪು ಬಟ್ಟೆಯ ಹೆಸರನ್ನೇ ನಾವು ಬಳಸುತ್ತೇವೆ.

ವರದಾಂಬಿಕಾ ಪರಿಣಯ

ಗದ್ಯ ಪದ್ಯಗಳು ಕೂಡಿದ ಈ ಸಂಸ್ಕೃತ ಚಂಪೂಕಾವ್ಯ ತುಳುವ ನರಸನಾಯಕನ ದಕ್ಷಿಣ ದಿಗ್ವಿಜಯವನ್ನು ವರ್ಣಿಸಿ, ಅವನ ಮಗ ಅಚ್ಯುತರಾಯನು ಸಲಕ ಮನೆತನದ ವರದಾಂಬಿಕೆಯನ್ನು ವರಿಸಿದ ಕಥೆಯನ್ನು ಹೇಳುತ್ತದೆ. ರಾಜಕುಮಾರ ಚಿನ್ನ ವೆಂಕಟಾದ್ರಿ ಯುವರಾಜನಾಗುವುದರೊಂದಿಗೆ ಕಾವ್ಯ ಮಂಗಳವಾಗುತ್ತದೆ. ಇತಿಹಾಸ ಅಷ್ಟು ಮಂಗಳಕರವಾಗಿರಲಿಲ್ಲ. 1542ರಲ್ಲಿ ಅಚ್ಯುತರಾಯ ತೀರಿಕೊಂಡ ಕೆಲವೇ ಕಾಲದಲ್ಲಿ ಆ ಬಾಲಕ ಸೋದರಮಾವನ ಅಧಿಕಾರದಾಹಕ್ಕೆ ಬಲಿಯಾದ. 1565ರ ಯುದ್ಧದ ನಂತರ ರಾಜಧಾನಿಯೇ ಹಾಳಾಯಿತು. ನೂನಿಜ್ ಕಂಡ ಲೇಖಕಿಯರ ಲೆಕ್ಕದ ಪುಸ್ತಕಗಳೂ ಉಳಿಯಲಿಲ್ಲ.

ಈ ಕಾವ್ಯದಲ್ಲಿ ಕಂಚಿಯ ಸುತ್ತಣ ನಾಡನ್ನು ವರ್ಣಿಸುವ 195 ಅಕ್ಷರಗಳ ಒಂದೇ ಸಮಾಸಪದವಿದ್ದು, ಜಗತ್ತಿನ ಸಾಹಿತ್ಯದಲ್ಲೇ ಅತಿ ಉದ್ದದ ಪದವೆಂದು ಗಿನ್ನೆಸ್ ಪುಸ್ತಕ ಅದನ್ನು ದಾಖಲಿಸಿದೆ. ಓಲೆಗ್ರಂಥಗಳಲ್ಲಿ ಪದಗಳ ನಡುವೆ ಅಂತರ ಬಿಡುವ ರೂಢಿಯಿಲ್ಲ. ಅಂತಹ ಪದ ಒಂದಕ್ಷರವೂ ಕಳೆಯದೆ ನಮ್ಮವರೆಗೆ ಬಂದಿರುವುದಕ್ಕೆ ಹೆಸರಿಲ್ಲದ ಪ್ರತಿಕಾರರ ಶ್ರದ್ಧೆಯೂ ಕಾರಣ.

ಹಂಪಿಯಿಂದ ಕಾಶಿಗೆ

ತಿರುಮಲಾಂಬೆಯ ಸ್ವಹಸ್ತದ ಪ್ರತಿ ಇಂದು ಇಲ್ಲ. ಕಾವ್ಯದ ಹಸ್ತಪ್ರತಿ ತಂಜಾವೂರಿನ ಗ್ರಂಥಭಂಡಾರದಲ್ಲಿ ದೊರೆಯಿತು. ವಿದ್ವಾಂಸ ಲಕ್ಷ್ಮಣ ಸರೂಪ್ ಅದನ್ನು ಸಂಪಾದಿಸಿ ಲಾಹೋರಿನಿಂದ ಪ್ರಕಟಿಸಿದರು. 1970ರಲ್ಲಿ ಸೂರ್ಯಕಾಂತ ಅವರ ಇಂಗ್ಲಿಷ್ ಅನುವಾದದೊಡನೆ ವಾರಾಣಸಿಯ ಚೌಖಂಬಾ ಸಂಸ್ಥೆ ಅದನ್ನು ಮತ್ತೆ ಹೊರತಂದಿತು.

ವಿಜಯನಗರಕ್ಕೂ ಕಾಶಿಗೂ ನಂಟು ಆ ಕಾಲದಲ್ಲೂ ಇತ್ತು. ಕೃಷ್ಣದೇವರಾಯನ ಸಭೆಯಲ್ಲಿ ಸನ್ಮಾನಿತರಾದರೆಂದು ಸಂಪ್ರದಾಯ ಹೇಳುವ ವಲ್ಲಭಾಚಾರ್ಯರು ಸುಮಾರು 1531ರಲ್ಲಿ, ಎಂದರೆ ಅಚ್ಯುತರಾಯನ ಆಳ್ವಿಕೆಯ ಆರಂಭದಲ್ಲಿ, ಕಾಶಿಯ ಹನುಮಾನ್ ಘಾಟಿನಲ್ಲಿ ಗಂಗೆಯಲ್ಲಿ ಲೀನರಾದರೆಂಬ ನಂಬಿಕೆಯಿದೆ. ಅದರ ಪಕ್ಕದಲ್ಲೇ ಮೈಸೂರು ಸಂಸ್ಥಾನ ಕಟ್ಟಿಸಿದ ಕರ್ನಾಟಕ ಘಾಟ್ ಇದೆ. ಕಾಶಿಯಾತ್ರೆಗೆ ಹೋಗುವ ನಮ್ಮ ಕುಟುಂಬಗಳಿಗೆ ಈ ಬೀದಿಗಳು ಹೊಸತಲ್ಲ. ಮುಂದಿನ ಬಾರಿ ಅಲ್ಲಿಗೆ ಹೋದವರು ಗಂಗಾಜಲದ ತಂಬಿಗೆಯ ಜೊತೆಗೆ, ಹಂಪಿಯಲ್ಲಿ ಹುಟ್ಟಿ ಕಾಶಿಯಲ್ಲಿ ಅಚ್ಚಾದ ಈ ಗ್ರಂಥವನ್ನೂ ಪುಸ್ತಕದಂಗಡಿಗಳಲ್ಲಿ ವಿಚಾರಿಸಬಹುದು.